ಸೋರುವ ನಲ್ಲಿಯೂ ಸತ್ಯಶುದ್ಧ ಕಾಯಕವೂ

ಗೃಹಸ್ಥರಾದ ಭಕ್ತರು ನಾಲ್ಕು ಮಂದಿ ಒಂದೆಡೆ ಕುಳಿತಾಗ ತತ್ತ್ವದ ಮಾತಿನ ನಡುವೆ ಮನೆವಾರ್ತೆಯ ಮಾತೂ ಬರುವುದು ಸಹಜ. ಹಾಗೆ ಈಚೆಗೆ ಪದೇ ಪದೇ ಕೇಳಿಬರುತ್ತಿರುವ ಮಾತುಗಳಲ್ಲಿ ಒಂದು, ಮನೆಯ ನಲ್ಲಿ ಮತ್ತು ಕೊಳವೆಗಳ ದುರಸ್ತಿಗೆ ತೆರಬೇಕಾದ ಕೂಲಿಯನ್ನು ಕುರಿತದ್ದು. ಹತ್ತು ರೂಪಾಯಿಯ ರಬ್ಬರಿನ ಬಿಲ್ಲೆಯನ್ನು ಬದಲಿಸಿ ಐದುನೂರು ರೂಪಾಯಿ ಕೇಳುವುದು ಯಾವ ಧರ್ಮವೆಂದು ಒಬ್ಬರು ಕೇಳುತ್ತಾರೆ. ಅವನನ್ನು ಕರೆಯುವುದೇ ಬೇಡ, ಎಲ್ಲವನ್ನೂ ಕೈಯಾರೆ ಮಾಡಿಕೊಂಡರೆ ಹಣವೂ ಉಳಿಯಿತು, ಕಾಯಕವೂ ಆಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಬಚ್ಚಲಿಗೂ ಮೋರಿಗೂ ಕೈಹಾಕುವುದು ನಮ್ಮಂಥವರಿಗೆ ತಕ್ಕುದಲ್ಲ, ಕೇಳಿದಷ್ಟನ್ನು ಕೊಟ್ಟು ಕಳುಹಿಸುವುದೇ ಲೇಸು ಎಂಬುದು ಮೂರನೆಯವರ ಅಭಿಪ್ರಾಯ. ಈ ಮೂರು ಪಕ್ಷಗಳಲ್ಲಿ ಶರಣಧರ್ಮಕ್ಕೆ ಒಪ್ಪುವುದು ಯಾವುದು?

ಇದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಕಾಯಕತತ್ತ್ವವು ಉತ್ಸವದ ಭಾಷಣಕ್ಕೆ ಮಾತ್ರ ಮೀಸಲಾದುದಲ್ಲ. ಬಚ್ಚಲ ಮನೆಯಲ್ಲಿ ನಿಲ್ಲದ ತತ್ತ್ವವು ಪೂಜೆಯ ಮನೆಯಲ್ಲಿಯೂ ನಿಲ್ಲಲಾರದು. ದುಡಿಯುವವನೊಬ್ಬನು ನಮ್ಮ ಬಾಗಿಲಿಗೆ ಬಂದು ನಿಂತ ಗಳಿಗೆಯಲ್ಲಿಯೇ ನಾವು ಕಾಯಕವನ್ನು ಎಷ್ಟರಮಟ್ಟಿಗೆ ನಂಬಿದ್ದೇವೆಂಬುದು ಪರೀಕ್ಷೆಗೆ ಬರುತ್ತದೆ. ಆದಕಾರಣ ಈ ವಿಷಯವನ್ನು ಕ್ರಮವಾಗಿ ಪರ್ಯಾಲೋಚಿಸೋಣ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಹೆಚ್ಚು ಎಡೆಯಿರಲಿಲ್ಲ. ಬಾವಿಯ ಹಗ್ಗ ಹರಿದರೆ ಮನೆಯವರೇ ಗಂಟುಹಾಕಿಕೊಳ್ಳುತ್ತಿದ್ದರು. ಗಡಗಡೆ ಕಿರುಗುಟ್ಟಿದರೆ ಎಣ್ಣೆ ಬಿಡುತ್ತಿದ್ದರು. ನೀರು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆ ಬಳಿಕ ಕಾಲವು ಬದಲಾಯಿತು. 1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಯ ಮೂಲಕ ಬೆಂಗಳೂರಿಗೆ ಬಂದಿತು. ಹುಬ್ಬಳ್ಳಿ-ಧಾರವಾಡಗಳಿಗೆ 1955ರಲ್ಲಿ ನೀರಸಾಗರವಾಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಮನೆಮನೆಗೂ ನಲ್ಲಿಯನ್ನು ಮುಟ್ಟಿಸಿ, ತಲೆಗೊಂದಕ್ಕೆ ದಿನವಹಿ 55 ಲೀಟರ್ ನೀರು ಕೊಡಬೇಕೆಂದು ಹೊರಟಿತು. ಇದರಿಂದ ತಾಯಂದಿರ ತಲೆಯ ಮೇಲಿನ ಕೊಡ ಇಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅದರೊಡನೆ ಇನ್ನೊಂದೂ ನಡೆಯಿತು. ಕಣ್ಣೆದುರಿಗಿದ್ದ ನೀರು ಗೋಡೆಯೊಳಗೆ ಅಡಗಿತು. ನೀರಿನ ಜೊತೆಗೆ ನೀರಿನ ತಿಳಿವಳಿಕೆಯೂ ಅಡಗಿತು. ತಿಳಿಯದೆ ಇರುವಲ್ಲಿ ಸಂಶಯ ಹುಟ್ಟುತ್ತದೆ. ಕೆಲಸಗಾರನು ಹೇಳುವ ಬೆಲೆ ನ್ಯಾಯವೋ ಅನ್ಯಾಯವೋ ಎಂದು ಅಳೆಯುವ ಕೋಲು ನಮ್ಮ ಕೈಯಲ್ಲಿ ಇಲ್ಲ. ಅಂಥಲ್ಲಿ ಕೊಡುವವನಿಗೆ ಮೋಸಹೋದೆನೆಂಬ ಕಹಿ, ಪಡೆಯುವವನಿಗೆ ಅವಮಾನವಾಯಿತೆಂಬ ಕಹಿ. ಈ ಎರಡು ಕಹಿಗಳಿಗೂ ಮೂಲವು ಹಣಕ್ಕಿಂತ ಹೆಚ್ಚಾಗಿ ಅಜ್ಞಾನವೇ ಎಂಬುದು ಈ ಲೇಖನದ ಮುಖ್ಯ ಅಭಿಪ್ರಾಯ.

ಮೊದಲನೆಯ ಪಕ್ಷವನ್ನು ನೋಡೋಣ. ಹತ್ತು ರೂಪಾಯಿಯ ವಸ್ತುವಿಗೆ ಐದುನೂರು ರೂಪಾಯಿಯೆಂಬ ಲೆಕ್ಕದಲ್ಲಿಯೇ ಒಂದು ತಪ್ಪು ಸೇರಿಕೊಂಡಿದೆ. ಸಂಸ್ಕೃತದಲ್ಲಿ ವಸ್ತುವಿಗೆ ಕೊಡುವುದಕ್ಕೆ ಮೂಲ್ಯವೆಂದೂ ದುಡಿದವನಿಗೆ ಕೊಡುವುದಕ್ಕೆ ಭೃತಿಯೆಂದೂ ಬೇರೆ ಬೇರೆ ಶಬ್ದಗಳುಂಟು. ಭೃತಿಯೆಂಬುದು ಧರಿಸುವುದು, ಪೋಷಿಸುವುದು ಎಂಬ ಅರ್ಥವುಳ್ಳ ಭೃ ಧಾತುವಿನಿಂದ ಬಂದ ಶಬ್ದ. ಎಂದರೆ ಒಂದು ಜೀವವನ್ನೂ ಅದನ್ನು ನಂಬಿದ ಸಂಸಾರವನ್ನೂ ಪೋಷಿಸುವುದು ಯಾವುದೋ ಅದೇ ಭೃತಿ. ರಬ್ಬರಿನ ಬಿಲ್ಲೆಗೆ ಮೂಲ್ಯ. ಅದನ್ನು ಹಾಕಿದ ಕೈಗೆ ಭೃತಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆ ಕೈಯ ಹಿಂದೆ ಇರುವುದನ್ನು ನೆನೆದರೆ ಲೆಕ್ಕವು ಇನ್ನೂ ತಿಳಿಯಾಗುತ್ತದೆ. ಕಾಲು ಗಂಟೆಯ ಕೆಲಸಕ್ಕೆ ಬಂದುಹೋಗುವ ದಾರಿ ಒಂದು ಗಂಟೆ. ತಕ್ಕ ಅಳತೆಯ ಬಿಡಿಭಾಗಕ್ಕಾಗಿ ಅಂಗಡಿಗೆ ಹೋಗಿಬರುವುದು ಇನ್ನೊಂದು ಅರ್ಧ ಗಂಟೆ. ಪೈಪು ಹಿಡಿಯುವ ಪಾನ, ಮರೆ ಕತ್ತರಿಸುವ ಅಚ್ಚು, ಗರಗಸ ಮುಂತಾದ ಸಾಮಾನುಗಳು ಅವನವೇ. ಐಟಿಐಗಳಲ್ಲಿ ಈ ವಿದ್ಯೆಗೆ ಒಂದು ವರುಷದ ಅಭ್ಯಾಸವುಂಟು. ಅಲ್ಲಿಗೆ ಹೋಗದವನು ಮೇಸ್ತ್ರಿಯೊಬ್ಬನ ಹಿಂದೆ ಹಲವು ವರುಷ ಚೀಲ ಹೊತ್ತು ಕಲಿತಿರುತ್ತಾನೆ. ಕೆಲಸವಿಲ್ಲದ ದಿನಗಳಲ್ಲಿ ಅವನಿಗೆ ಸಂಬಳವಿಲ್ಲ, ಮುಪ್ಪಿನಲ್ಲಿ ನಿವೃತ್ತಿವೇತನವಿಲ್ಲ. ತಿಂಗಳ ಮೊದಲ ದಿನ ತಪ್ಪದೆ ಸಂಬಳ ಎಣಿಸಿಕೊಳ್ಳುವವನು ಈ ಸಂಗತಿಗಳನ್ನು ಮರೆತು, ಕಾಲು ಗಂಟೆಗೆ ಇಷ್ಟೇ ಎಂದು ಗಡಿಯಾರ ನೋಡಿ ನಿರ್ಣಯಿಸುವುದು ನ್ಯಾಯವೆನಿಸದು. ತಾನು ರಜೆಯ ದಿನಕ್ಕೂ ಸಂಬಳ ಪಡೆಯುತ್ತಿರುವುದನ್ನು ಅವನು ಒಮ್ಮೆ ನೆನೆಯಬೇಡವೇ?

ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ಭೃತ್ಯ ಶಬ್ದವೂ ಅದೇ ಭೃ ಧಾತುವಿನಿಂದಲೇ ಬಂದುದು. ಶರಣರು ತಮ್ಮನ್ನು ತಾವು ಭೃತ್ಯರೆಂದು ಬಗೆದು ನಡೆದರು. ತಾನೇ ಭೃತ್ಯನೆಂದು ನಂಬಿದವನು ಮತ್ತೊಬ್ಬ ದುಡಿಮೆಗಾರನೆದುರು ಒಡೆಯನ ದರ್ಪದಿಂದ ನಿಲ್ಲಲಾರನು. ಹೊರಗೆ ಭೃತ್ಯಾಚಾರವನ್ನು ಬೋಧಿಸಿ, ಹಿತ್ತಿಲಲ್ಲಿ ಭೃತಿಗಾಗಿ ಜಗ್ಗಾಡುವುದು ಆಚಾರಕ್ಕೆ ಕೊರತೆಯೇ ಸರಿ.

ಹಾಗೆಂದು ಕೇಳಿದ ಬೆಲೆಯೆಲ್ಲವೂ ನ್ಯಾಯವೆಂದು ಹೇಳಿದಂತಾಗಲಿಲ್ಲ. ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಶರಣರು ಸುಮ್ಮನೆ ಸೇರಿಸಲಿಲ್ಲ. ಆಯ್ದಕ್ಕಿಯ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತಿರುವುದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾಗಿ ತಂದನು. ಮಡದಿ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದಳು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಅಕ್ಕಿಯನ್ನು ಮಾರಯ್ಯನು ಕದ್ದು ತಂದಿರಲಿಲ್ಲ, ಯಾರಿಂದಲೂ ಸುಲಿದಿರಲಿಲ್ಲ. ಆದರೂ ತಮ್ಮ ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನದು ಆಶೆಯ ಫಲವೆಂದು ಆಕೆ ಕಂಡಳು. ಈ ನಿಯಮವು ಭಕ್ತನಿಗೆ ಹೇಗೋ ನಲ್ಲಿಯ ಕೆಲಸದವನಿಗೂ ಹಾಗೆಯೇ. ಮನೆಯವರ ಅಜ್ಞಾನವನ್ನು ಕಂಡು ಬಿಲ್ಲೆ ಸವೆದಿದ್ದರೆ ನಲ್ಲಿಯನ್ನೇ ಬದಲಿಸಬೇಕೆನ್ನುವುದು, ಅಂಗಡಿಯವನೊಡನೆ ಸೇರಿ ಬೆಲೆಯನ್ನು ಏರಿಸುವುದು, ವೃದ್ಧರನ್ನೂ ಒಂಟಿ ಹೆಣ್ಣುಮಕ್ಕಳನ್ನೂ ಹೆದರಿಸಿ ಹಣ ಕೀಳುವುದು, ಇವೆಲ್ಲ ದುಡಿಮೆಯ ವೇಷ ತೊಟ್ಟ ಕಳವು. ಕೆಲಸಕ್ಕೆ ಮೊದಲೇ ಕೂಲಿಯನ್ನು ಹೇಳುವುದು, ತೆಗೆದ ಹಳೆಯ ಭಾಗವನ್ನು ಮನೆಯವರ ಕೈಗೆ ಕೊಡುವುದು, ಮಾಡಿದ ಕೆಲಸ ನಾಲ್ಕು ದಿನಗಳಲ್ಲಿ ಕೆಟ್ಟರೆ ಮತ್ತೆ ಬಂದು ಸರಿಪಡಿಸುವುದು, ಈ ಮೂರು ಇದ್ದಲ್ಲಿ ಸತ್ಯಶುದ್ಧವು ಇದೆಯೆಂದು ನಂಬಬಹುದು. ಅಂಥವನಿಗೆ ಕೇಳಿದುದನ್ನು ಸಂತೋಷದಿಂದ ಕೊಡತಕ್ಕದ್ದು.

ಇನ್ನು ಮೂರನೆಯ ಪಕ್ಷವನ್ನು ಎರಡನೆಯದಕ್ಕಿಂತ ಮೊದಲೇ ವಿಚಾರಿಸುವುದು ಒಳ್ಳೆಯದು. ಹಣ ಕೊಡುತ್ತೇನೆ, ಕೈಹಾಕುವುದಿಲ್ಲವೆನ್ನುವವನು ಉದಾರಿಯಂತೆ ಕಾಣುತ್ತಾನೆ. ಆದರೆ ಆ ಔದಾರ್ಯದ ಒಳಗೆ ಒಂದು ಹೇವರಿಕೆ ಅಡಗಿದೆ. ಬಚ್ಚಲಿನ ನೀರು ನಮ್ಮದೇ. ಅದರಲ್ಲಿರುವ ಕೊಳೆ ನಮ್ಮ ಮೈಯದೇ. ನಮ್ಮ ಮೈಯ ಕೊಳೆಯನ್ನು ಮುಟ್ಟಲು ನಾವು ಹೇಸಿ, ಅದನ್ನು ಮುಟ್ಟುವ ಇನ್ನೊಬ್ಬನನ್ನು ನಮಗಿಂತ ಕೀಳೆಂದು ಬಗೆಯುವುದು ಎಂಥ ವಿವೇಕ? ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಹೊತ್ತು ಮಾರಿದನೆಂದು ಪರಂಪರೆ ಹೇಳುತ್ತದೆ. ಮಡಿವಾಳ ಮಾಚಯ್ಯನು ಶರಣರ ಬಟ್ಟೆಯ ಕೊಳೆಯನ್ನು ಒಗೆದನು. ಕಸ ಗುಡಿಸುವ ಕಾಯಕದ ಸತ್ಯಕ್ಕನಿಗೆ ಶರಣಗಣದಲ್ಲಿ ಸಮಾನವಾದ ಸ್ಥಾನವಿತ್ತು. ಕಾಯಕವೆಂಬ ಮಾತಿನಲ್ಲಿಯೇ ಕಾಯವಿದೆ. ಕಾಯವನ್ನು ಬಳಸದೆ ಹಣವನ್ನು ಮಾತ್ರ ಬಳಸುವವನು ಕಾಯಕದ ಹೊಸ್ತಿಲಲ್ಲಿಯೇ ನಿಂತುಬಿಡುತ್ತಾನೆ.

ಲಿಂಗಪೂಜೆಗೆ ತರುವ ನೀರಿಗೆ ಅಗ್ಘವಣಿಯೆಂದು ಹೆಸರು. ಆ ಮಾತು ಕೆಲವು ಶರಣರ ಹೆಸರಿನೊಡನೆಯೇ ಕೂಡಿಕೊಂಡಿದೆ; ಅಗ್ಘವಣಿಯ ಹೊನ್ನಯ್ಯ, ಅಗ್ಘವಣಿಯ ಹಂಪಯ್ಯ ಎಂಬ ವಚನಕಾರರನ್ನು ನಾವು ಬಲ್ಲೆವು. ಇಂದು ನಮ್ಮ ಇಷ್ಟಲಿಂಗದ ಮಜ್ಜನಕ್ಕೆ ಒದಗುವ ನೀರು ನಲ್ಲಿಯಿಂದಲೇ ಬರುತ್ತದೆ. ಅದನ್ನು ಅಲ್ಲಿಯವರೆಗೆ ತಂದುದು ಕೊಳವೆಗೆ ಕೊಳವೆ ಜೋಡಿಸಿದ ಒಬ್ಬಾತನ ಕೈ. ಹಾಗೆ ನೋಡಿದರೆ ಆತನೂ ಅಗ್ಘವಣಿಯ ಕಾಯಕದವನೇ. ಆತನ ಕೆಲಸವು ಕೀಳೆಂದರೆ ಆ ನೀರಿನಿಂದ ಮಾಡಿದ ಮಜ್ಜನವು ಮೇಲಾಗುವುದು ಹೇಗೆ?

ಈಗ ಎರಡನೆಯ ಪಕ್ಷ. ಕೈಯಾರೆ ಮಾಡಿಕೊಳ್ಳುವುದು ಉತ್ತಮವೇ. ಆದರೆ ಯಾವ ಉದ್ದೇಶದಿಂದ ಮತ್ತು ಯಾವ ಮೇರೆಯೊಳಗೆ ಎಂಬುದನ್ನು ತಿಳಿಯಬೇಕು.

ತೊಟ್ಟಿಕ್ಕುವ ನಲ್ಲಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಳೆಯ ಮಾದರಿಯ ಹಿತ್ತಾಳೆಯ ನಲ್ಲಿಯೊಳಗೆ, ತಿರುಗಿಸುವ ಕಡ್ಡಿಯ ತುದಿಯಲ್ಲಿ ಒಂದು ರಬ್ಬರಿನ ಬಿಲ್ಲೆಯಿರುತ್ತದೆ. ನಲ್ಲಿಯನ್ನು ಮುಚ್ಚಿದಾಗ ಆ ಬಿಲ್ಲೆಯು ನೀರಿನ ದಾರಿಯ ಮೇಲೆ ಒತ್ತಿ ಕುಳಿತುಕೊಳ್ಳುತ್ತದೆ. ಬಿಲ್ಲೆ ಸವೆದರೆ ಸಂದಿಯಿಂದ ನೀರು ಹನಿಯುತ್ತದೆ. ಹನಿ ನಿಲ್ಲಲೆಂದು ನಲ್ಲಿಯನ್ನು ಬಲವಾಗಿ ತಿರುಚಿದಷ್ಟೂ ಬಿಲ್ಲೆ ಇನ್ನಷ್ಟು ಬೇಗ ಹಾಳಾಗುತ್ತದೆ. ಇದನ್ನು ಬದಲಿಸುವುದು ಹತ್ತು ವರುಷದ ಮಗುವೂ ಹಿರಿಯರ ಎದುರಿನಲ್ಲಿ ಕಲಿಯಬಹುದಾದ ಕೆಲಸ. ತೊಟ್ಟಿಯಿಂದ ನೀರು ಬರುವ ವಾಲ್ವನ್ನು ಮೊದಲು ಮುಚ್ಚಬೇಕು. ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ನಲ್ಲಿಯ ಬುಡವನ್ನು ಒಂದು ಪಾನದಿಂದ ಅಲುಗಾಡದಂತೆ ಹಿಡಿದು, ಮೇಲಿನ ಭಾಗವನ್ನು ಇನ್ನೊಂದರಿಂದ ಬಿಚ್ಚಬೇಕು. ಬುಡವನ್ನು ಹಿಡಿಯದೆ ಬಿಚ್ಚಲು ಹೋದರೆ ಗೋಡೆಯೊಳಗಿನ ಕೊಳವೆಯೇ ತಿರುಚಿಕೊಂಡೀತು. ಹಳೆಯ ಬಿಲ್ಲೆಯ ಅಳತೆಯದೇ ಹೊಸದನ್ನು ಹಾಕಿ ಮೊದಲಿನಂತೆ ಜೋಡಿಸಿದರೆ ಕೆಲಸ ಮುಗಿಯಿತು. ಈಚಿನ ಕೆಲವು ನಲ್ಲಿಗಳಲ್ಲಿ ರಬ್ಬರಿಗೆ ಬದಲಾಗಿ ಪಿಂಗಾಣಿಯಂಥ ಎರಡು ಬಿಲ್ಲೆಗಳುಳ್ಳ ಒಂದು ಗುಂಡಿಯಿರುತ್ತದೆ. ಅಲ್ಲಿ ಆ ಗುಂಡಿಯನ್ನೇ ಬದಲಿಸತಕ್ಕದ್ದು. ತೊಟ್ಟಿ ತುಂಬಿ ಹರಿಯುತ್ತಿದ್ದರೆ ತೇಲುಗುಂಡನ್ನು ನೋಡಬೇಕು. ಅದರೊಳಗೆ ನೀರು ಸೇರಿದ್ದರೆ ಅದು ತೇಲದೆ ಮುಳುಗಿ, ಬರುವ ನೀರನ್ನು ಮುಚ್ಚದೆ ಹೋಗುತ್ತದೆ.

ಇಷ್ಟನ್ನು ಕಲಿತವನಿಗೆ ಮೂರು ಲಾಭಗಳಾಗುತ್ತವೆ. ಮೊದಲನೆಯದು ನೀರಿನ ಉಳಿತಾಯ. ಕ್ಷಣಕ್ಕೊಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮೇಲೆ, ವರುಷಕ್ಕೆ ಸುಮಾರು 1,577 ಲೀಟರ್ ಆಯಿತು. ಮೇಲೆ ಹೇಳಿದ 55 ಲೀಟರಿನ ಲೆಕ್ಕದಂತೆ ಒಬ್ಬ ಮನುಷ್ಯನ ಇಪ್ಪತ್ತೆಂಟು ದಿನಗಳ ನೀರು ಅದು. ಕೆಲಸಗಾರನು ಬರಲಿಲ್ಲ, ಕೂಲಿ ಹೆಚ್ಚಾಯಿತು ಎಂದು ತಿಂಗಳುಗಟ್ಟಲೆ ಹನಿಯನ್ನು ಹನಿಯಗೊಡುವವನು ತನ್ನ ಹಣವನ್ನು ಉಳಿಸಿ ಊರಿನ ನೀರನ್ನು ಕಳೆಯುತ್ತಾನೆ. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡವೆಂದು ಸಾರಬೇಕಾಗಿ ಬಂದುದನ್ನು ನಾವು ಮರೆಯಬಾರದು.

ಎರಡನೆಯ ಲಾಭವು ಬೆಲೆಯ ತಿಳಿವಳಿಕೆ. ಒಮ್ಮೆ ನಲ್ಲಿಯನ್ನು ಬಿಚ್ಚಿ ಜೋಡಿಸಿದವನಿಗೆ ಬೆರಳು ತರಚುವುದೆಂದರೇನು, ತುಕ್ಕು ಹಿಡಿದ ಮರೆಯು ಅಲುಗದಿರುವುದೆಂದರೇನು, ಇಕ್ಕಟ್ಟಿನಲ್ಲಿ ಬಗ್ಗಿ ಕುಳಿತು ದುಡಿಯುವುದೆಂದರೇನು ಎಂಬುದು ಮೈಯಿಂದಲೇ ತಿಳಿಯುತ್ತದೆ. ಅಂಥವನು ದೊಡ್ಡ ಕೆಲಸಕ್ಕೆ ಬಂದವನಿಗೆ ಕೂಲಿ ಕೊಡುವಾಗ ಗೊಣಗುವುದಿಲ್ಲ. ಹಾಗೆಯೇ ಮೋಸಗಾರನ ಮಾತಿಗೂ ಅವನು ಬೀಳುವುದಿಲ್ಲ. ಮೂರನೆಯದು ಮನಸ್ಸಿನ ಹೇವರಿಕೆ ಹೋಗುವುದು. ಈ ಮೂರರಲ್ಲಿ ಕೊನೆಯದೇ ದೊಡ್ಡದು. ಆದುದರಿಂದ ಕೈಯಾರೆ ಮಾಡುವುದು ಕೂಲಿಯನ್ನು ಉಳಿಸುವುದಕ್ಕಿಂತ ಕೂಲಿಯನ್ನು ಅರಿಯುವುದಕ್ಕಾಗಿ ಎಂದು ತಿಳಿಯತಕ್ಕದ್ದು.

ಎಲ್ಲರೂ ಹೀಗೆ ಮಾಡಿಕೊಂಡರೆ ಆ ಕೆಲಸದವರ ಹೊಟ್ಟೆಗೇನು ಗತಿ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯೋಗ್ಯವಾದುದೇ. ಬಿಲ್ಲೆ ಬದಲಿಸುವಂಥ ಸಣ್ಣ ಕೆಲಸಕ್ಕೆ ಅರ್ಧ ಊರನ್ನು ದಾಟಿ ಬರುವುದು ಕುಶಲನಾದ ಕೆಲಸಗಾರನಿಗೂ ಹಿತವಲ್ಲ. ಆ ವೇಳೆಯಲ್ಲಿ ಅವನಿಗೆ ಬೇರೆ ದೊಡ್ಡ ಕೆಲಸ ದೊರೆಯಬಹುದು. ಆದರೆ ಉಳಿದ ಹಣ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಉಳಿದೇ ಇರುತ್ತದೆ. ಕಾಯಕದ ಜೊತೆಗೆ ದಾಸೋಹವನ್ನು ಹೇಳಿದುದು ಇದಕ್ಕಾಗಿಯೇ. ಉಳಿದುದು ಪೆಟ್ಟಿಗೆ ಸೇರಿದರೆ ಅದು ಜಿಪುಣತನ. ಬೇರೊಬ್ಬರ ಕಷ್ಟಕ್ಕೆ ಒದಗಿದರೆ ದಾಸೋಹ. ಕೈಯಲ್ಲಿ ಬಲವಿಲ್ಲದ ವೃದ್ಧರೂ, ಐದುನೂರು ರೂಪಾಯಿ ನಿಜವಾಗಿಯೂ ಭಾರವಾದ ಬಡವರೂ ನಮ್ಮ ನೆರೆಯಲ್ಲಿದ್ದಾರೆ. ಅವರ ಮನೆಯ ನಲ್ಲಿಯನ್ನು ಸರಿಪಡಿಸಿ ಕೊಡುವುದು, ಇಲ್ಲವೆ ಅವರ ಪರವಾಗಿ ಕೂಲಿಯನ್ನು ತೆರುವುದು ಜಂಗಮಸೇವೆಯಲ್ಲವೆಂದು ಯಾರು ಹೇಳುವರು?

ಇನ್ನು ಮೇರೆಯ ಮಾತು. ತಪ್ಪಿದರೆ ತನ್ನ ನೆಲ ಮಾತ್ರ ಒದ್ದೆಯಾಗುವ ಕೆಲಸವನ್ನು ಗೃಹಸ್ಥನು ಧೈರ್ಯವಾಗಿ ಮಾಡಬಹುದು. ತಪ್ಪಿದರೆ ಇನ್ನೊಬ್ಬರ ಆರೋಗ್ಯಕ್ಕೋ ಪ್ರಾಣಕ್ಕೋ ಕೇಡಾಗುವ ಕೆಲಸಕ್ಕೆ ಬಲ್ಲವನನ್ನೇ ಕರೆಯಬೇಕು. ವಿದ್ಯುತ್ತಿನ ಮೋಟಾರು ಮತ್ತು ನೀರು ಕಾಯಿಸುವ ಗೀಜರ್ ಇಂಥವು. ಗೀಜರಿನ ಒತ್ತಡ ಹೆಚ್ಚಾದಾಗ ನೀರನ್ನು ಹೊರಬಿಡುವ ಒಂದು ಸಣ್ಣ ವಾಲ್ವು ಇರುತ್ತದೆ. ಅದು ಹನಿಯುತ್ತದೆಂದು ತಿಳಿಯದೆ ಬಿರಡೆ ಹಾಕಿದರೆ ಗೀಜರೇ ಸಿಡಿಯಬಹುದು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಕೊಳವೆ ಅಗ್ಗವೆಂದು ಹಾಕಿದರೆ ಅದು ಮೆತ್ತಗಾಗಿ ಬಿರಿಯುತ್ತದೆ. ಬೀದಿಯ ಕೊಳವೆಗೆ ನೇರವಾಗಿ ಮೋಟಾರನ್ನು ಜೋಡಿಸಿ ನೀರು ಎಳೆಯುವುದಂತೂ ಎರಡು ಪಟ್ಟು ಪಾಪ. ನೆರೆಯವರ ಪಾಲಿನ ನೀರು ಅದರಿಂದ ಅಪಹಾರವಾಗುತ್ತದೆ. ಮೇಲಾಗಿ ಆ ಎಳೆತಕ್ಕೆ ಕೊಳವೆಯ ಬಿರುಕುಗಳಿಂದ ಚರಂಡಿಯ ಹೊಲಸು ಒಳಗೆ ನುಗ್ಗಿ ಇಡೀ ಬೀದಿಯ ಮಕ್ಕಳಿಗೆ ರೋಗ ತರಬಹುದು.

ಇವೆಲ್ಲಕ್ಕಿಂತ ಘೋರವಾದುದು ಶೌಚದ ಗುಂಡಿಯ ವಿಷಯ. ಅದರೊಳಗೆ ವಿಷವಾಯು ತುಂಬಿರುತ್ತದೆ, ಪ್ರಾಣವಾಯು ಕಡಮೆಯಾಗಿರುತ್ತದೆ. ಇಳಿದವನು ಕೂಗುವುದಕ್ಕೂ ಮೊದಲೇ ಎಚ್ಚರ ತಪ್ಪಬಹುದು. ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲಿಯೇ ಉಳಿದ ಸುದ್ದಿಗಳನ್ನು ನಾವು ಎಷ್ಟೋ ಸಲ ಓದಿದ್ದೇವೆ. ಆದುದರಿಂದ ಗೃಹಸ್ಥನು ತಾನೂ ಇಳಿಯಬಾರದು, ಇನ್ನೊಬ್ಬನನ್ನೂ ಇಳಿಸಬಾರದು. 2013ರ ಕಾನೂನು ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು ಅಪರಾಧವೆಂದು ಸಾರಿದೆ. ಮೊದಲ ಸಲದ ತಪ್ಪಿಗೇ ಎರಡು ವರುಷಗಳವರೆಗಿನ ಸೆರೆ ಅಥವಾ ಎರಡು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಆಗಬಹುದು. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಆದರೂ ಹೀರುವ ಯಂತ್ರದ ಬಾಡಿಗೆ ಹೆಚ್ಚೆಂದು, ಕಡಮೆ ಕೂಲಿಗೆ ಒಪ್ಪುವ ಬಡವನೊಬ್ಬನನ್ನು ಹುಡುಕುವ ಮನೆಗಳು ಇನ್ನೂ ಇವೆ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಹಾಡುವ ಮನೆಯಲ್ಲಿ ಇದು ನಡೆದರೆ ಆ ಹಾಡಿಗೆ ಅರ್ಥವೇನು? ದುಬಾರಿಯಾದ ಕೂಲಿಯಿಂದ ಹಣ ಹೋಗುತ್ತದೆ. ಅಗ್ಗವಾದ ಕೂಲಿಯಿಂದ ಪ್ರಾಣವೇ ಹೋಗುವುದುಂಟು. ಕೂಲಿ ಹೆಚ್ಚೆಂದು ದೂರುವಾಗ ಈ ಎರಡನೆಯದನ್ನು ಎಷ್ಟು ಮಂದಿ ನೆನೆಯುತ್ತೇವೆ?

ಹೀಗೆ ವಿಚಾರಿಸಿದಲ್ಲಿ ಮೂರು ಪಕ್ಷಗಳಲ್ಲಿಯೂ ಒಂದೊಂದು ಅಂಶದ ಸತ್ಯವಿದೆಯೆಂದೂ, ಯಾವುದೊಂದೂ ತಾನೇ ಪೂರ್ಣವಲ್ಲವೆಂದೂ ತಿಳಿಯುತ್ತದೆ. ಅನ್ಯಾಯದ ಬೆಲೆಯನ್ನು ಪ್ರಶ್ನಿಸಬಹುದು. ಆದರೆ ತಿಳಿದು ಪ್ರಶ್ನಿಸಬೇಕು. ಕೈಯಾರೆ ಮಾಡಿಕೊಳ್ಳಬಹುದು, ಆದರೆ ಮೇರೆಯರಿತು ಮಾಡಬೇಕು. ಕೇಳಿದಷ್ಟನ್ನು ಕೊಡಬಹುದು, ಆದರೆ ಹೇಸಿಕೆಯಿಂದಲ್ಲ, ಗೌರವದಿಂದ ಕೊಡಬೇಕು. ನಮ್ಮ ಮಠದ ಶಾಲೆಗಳಲ್ಲಿ ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸುವಂತೆ, ವಾರಕ್ಕೊಂದು ಗಂಟೆ ನಲ್ಲಿ ಬಿಚ್ಚುವುದನ್ನೂ, ತೊಟ್ಟಿ ತೊಳೆಯುವುದನ್ನೂ, ಮೋರಿಯ ಕಸ ತೆಗೆಯುವುದನ್ನೂ ಕಲಿಸುವುದಾದರೆ ಅದು ಆ ಬಾಯಿಪಾಠಕ್ಕೆ ಭಾಷ್ಯವಾಗಬಲ್ಲುದು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದು ಸಮಾನವಾಗಿ ಬೇಕು. ಆ ವಿದ್ಯೆಯನ್ನು ಕಲಿಸಲು ಊರಿನ ನಲ್ಲಿಯ ಕೆಲಸದವರೊಬ್ಬರನ್ನೇ ಕರೆದು, ಅವರನ್ನು ಮಕ್ಕಳ ಎದುರಿಗೆ ಗುರುಸ್ಥಾನದಲ್ಲಿ ಕುಳ್ಳಿರಿಸಬೇಕು. ಪಾಠವಾದ ಮೇಲೆ ಅವರ ಭೃತಿಯನ್ನು ಎರಡು ಕೈಗಳಿಂದ ಕೊಡುವುದನ್ನು ಮಕ್ಕಳು ನೋಡಲಿ. ಮುಂದೆ ಅವರು ಗೃಹಸ್ಥರಾಗಿ ಯಾವ ದುಡಿಮೆಗಾರನಿಗೆ ಕೂಲಿ ಕೊಡುವಾಗಲೂ ಕೈ ಅದೇ ರೀತಿಯಲ್ಲಿ ಚಾಚೀತು.